ನೆಂದ ಪ್ಲಗ್, ಹಸಿದ ಎಂಜಿನ್

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ತೊಡಗಿತು. ಅಲ್ಲಿಂದ ಹೊರಬಂದ ಹಳೆಯ ಜಾವಾ ಗಾಡಿಗಳ ಕಾರ್ಬುರೇಟರಿನ ಬಟ್ಟಲ ಮೇಲೆ ಒಂದು ಪುಟ್ಟ ಗುಂಡಿ ಇರುತ್ತಿತ್ತು. ಟಿಕ್ಲರ್ ಎಂದು ಅದರ ಹೆಸರು. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಸವಾರ ಅದನ್ನು ಬೆರಳಿನಿಂದ ಒತ್ತಬೇಕು. ಒತ್ತಿದರೆ ಒಳಗಿನ ಫ್ಲೋಟ್ ಕೆಳಗಿಳಿಯುತ್ತದೆ, ಸೂಜಿ ಕವಾಟ ತೆರೆಯುತ್ತದೆ, ಪೆಟ್ರೋಲ್ ಮಟ್ಟ ಮೀರಿ ಉಕ್ಕುತ್ತದೆ. ಬೆರಳಿಗೆ ಪೆಟ್ರೋಲ್ ತಾಗಿತೆಂದರೆ ಸಾಕು, ಇನ್ನು ಕಿಕ್ಕರ್ ಹೊಡೆಯಬಹುದು. ಇನ್ನೂ ನಾಲ್ಕು ಸಲ ಒತ್ತಿದರೆ ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ.

ತಣ್ಣನೆಯ ಎಂಜಿನ್ನನ್ನು ಎಬ್ಬಿಸಲು ಬೇಕಾದ ಪೆಟ್ರೋಲಿಗೂ ಅದನ್ನು ಮುಳುಗಿಸಿ ಕೂರಿಸುವ ಪೆಟ್ರೋಲಿಗೂ ಇರುವ ಅಂತರ ಅಷ್ಟೇ ಕಿರಿದು. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಮೆಕ್ಯಾನಿಕ್‌ಗಳು ದಶಕಗಳಿಂದ ಎದುರಿಸುತ್ತ ಬಂದ ದೂರು ಇದು. ಜಪಾನಿನ ಮಾಜ್ದಾ ಕಂಪನಿಯ ರೋಟರಿ ಎಂಜಿನ್ ಕಾರುಗಳನ್ನು ಕಾಡಿದ ಕುಖ್ಯಾತ ದೋಷವೂ ಇದೇ. ಒಂದು ಪುಟ್ಟ ಬೈಕು, ಇನ್ನೊಂದು ಇನ್ನೂರಕ್ಕೂ ಹೆಚ್ಚು ಅಶ್ವಶಕ್ತಿಯ ಸ್ಪೋರ್ಟ್ಸ್ ಕಾರು. ಎರಡರ ಕಾಯಿಲೆಯ ಮೂಲವೂ ಒಂದೇ.

ದ್ರವರೂಪದ ಪೆಟ್ರೋಲ್ ಉರಿಯುವುದಿಲ್ಲ. ಉರಿಯುವುದು ಅದರ ಆವಿ ಮಾತ್ರ. ಆ ಆವಿಯೂ ಗಾಳಿಯಲ್ಲಿ ಹದವಾಗಿ ಬೆರೆತಿರಬೇಕು. ಗಾಳಿಯ ಗಾತ್ರದಲ್ಲಿ ಶೇ 1.4ಕ್ಕಿಂತ ಕಡಿಮೆ ಆವಿ ಇದ್ದರೆ ಕಿಡಿ ತಾಗಿದರೂ ಬೆಂಕಿ ಹರಡದು. ಸುಮಾರು ಶೇ 7.6 ದಾಟಿದರೂ ಹರಡದು. ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ಬಿಸಿಯೇರಿದ ಎಂಜಿನ್ನಿನಲ್ಲಿ ಈ ಹದ ಸುಲಭವಾಗಿ ಒದಗುತ್ತದೆ, ಒಳಗೆ ಬಿದ್ದ ಹನಿಯೆಲ್ಲ ಕ್ಷಣದಲ್ಲಿ ಆವಿಯಾಗುತ್ತದೆ. ತಣ್ಣಗಿದ್ದಾಗ ಕಥೆಯೇ ಬೇರೆ.

ಪೆಟ್ರೋಲ್ ಒಂದೇ ವಸ್ತುವಲ್ಲ. ಸುಮಾರು 35 ಡಿಗ್ರಿಯಿಂದ 200 ಡಿಗ್ರಿಯಾಚೆಯವರೆಗೆ ಬೇರೆ ಬೇರೆ ತಾಪದಲ್ಲಿ ಕುದಿಯುವ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ ಅದು. ಡಿಸೆಂಬರ್–ಜನವರಿಯ ಬೆಂಗಳೂರಿನ ಬೆಳಿಗ್ಗೆ 15–16 ಡಿಗ್ರಿಯಲ್ಲಿ, ಬಲುಬೇಗ ಆರುವ ಹಗುರ ಅಂಶಗಳಷ್ಟೇ ಆವಿಯಾಗುತ್ತವೆ. ಉಳಿದದ್ದು ತಣ್ಣನೆಯ ಲೋಹಕ್ಕೆ ತೇವವಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡುವಾಗ ಬೇಕೆಂದೇ ಹೆಚ್ಚು ಪೆಟ್ರೋಲ್ ಕೊಡುತ್ತಾರೆ. ಅದರಲ್ಲಿನ ಹಗುರ ಅಂಶವಾದರೂ ಉರಿಯುವಷ್ಟು ಆಗಲಿ ಎಂಬುದು ಲೆಕ್ಕ. ಚೋಕ್ ಮಾಡುವುದೂ, ಟಿಕ್ಲರ್ ಮಾಡುವುದೂ, ಇಂದಿನ ಕಾರಿನ ಕಂಪ್ಯೂಟರ್ ಮಾಡುವುದೂ ಇದನ್ನೇ.

ಮೊದಲ ಕಿಡಿಗೇ ಬೆಂಕಿ ಹಿಡಿದರೆ ಎಲ್ಲವೂ ಸರಿಹೋಯಿತು. ಹುಟ್ಟಿದ ಶಾಖ ಗೋಡೆಯ ತೇವವನ್ನೆಲ್ಲ ಆರಿಸಿ ಉರಿಸಿಬಿಡುತ್ತದೆ. ಹಿಡಿಯದಿದ್ದರೆ ಪ್ರತಿ ಕಿಕ್ಕಿಗೂ ಇನ್ನಷ್ಟು ಪೆಟ್ರೋಲ್ ಒಳಗೆ ಸೇರುತ್ತದೆ. ಪ್ಲಗ್ಗಿನ ತುದಿ ನೆನೆಯುತ್ತದೆ. ಪ್ಲಗ್ಗಿನ ಎರಡು ಲೋಹದ ತುದಿಗಳ ನಡುವಿನ ಸಣ್ಣ ಕಂಡಿಯನ್ನು ಕಿಡಿ ಜಿಗಿಯಲು ಹತ್ತಾರು ಸಾವಿರ ವೋಲ್ಟ್ ಬೇಕು. ಹಳೆಯ ಮಸಿಯೂ ಹೊಸ ಪೆಟ್ರೋಲೂ ಕಲಸಿ ಪಿಂಗಾಣಿಯ ಮೇಲೆ ಕೂತರೆ ವಿದ್ಯುತ್ತು ಕಂಡಿಯನ್ನು ಜಿಗಿಯುವ ಕಷ್ಟ ಪಡದೆ ಆ ಮಸಿಯ ಮೇಲೇ ಸದ್ದಿಲ್ಲದೆ ಹರಿದುಹೋಗುತ್ತದೆ. ಅಲ್ಲಿಗೆ ಕಿಡಿಯೂ ಇಲ್ಲ. ಟ್ಯಾಂಕ್ ತುಂಬಿದೆ, ಎಂಜಿನ್ನಿನ ಹೊಟ್ಟೆಯೂ ತುಂಬಿದೆ. ಆದರೂ ಅದು ಹಸಿದಿದೆ, ಏಕೆಂದರೆ ಅದಕ್ಕೆ ಬೇಕಾಗಿದ್ದ ಆವಿ ಸಿಗಲಿಲ್ಲ.

ಬೆಂಗಳೂರಿನ ಚಳಿ ಇದಕ್ಕೆ ಸಾಕೇ ಎಂದು ಯಾರಾದರೂ ಕೇಳಬಹುದು. ನಗರದಲ್ಲಿ ದಾಖಲಾದ ಅತಿ ಕಡಿಮೆ ತಾಪ 1884ರ ಜನವರಿ 13ರ 7.8 ಡಿಗ್ರಿ. ಮಾಸ್ಕೋದವರಿಗೆ ಅದು ಚಳಿಯೇ ಅಲ್ಲ. ಆದರೆ ಇಲ್ಲಿ ಇನ್ನೊಂದು ಸಂಗತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇ 8–9ರಷ್ಟು ತೆಳು. ಕಾರ್ಬುರೇಟರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಕರಾವಳಿಯಲ್ಲಿ ಹದ ಮಾಡಿದ ಗಾಡಿಯನ್ನು ಶಿರಾಡಿ ಘಾಟಿ ಹತ್ತಿಸಿ ಇಲ್ಲಿಗೆ ತಂದರೆ ಅದರ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಸುಮಾರು ಶೇ 4ರಷ್ಟು ಏರುತ್ತದೆ. ಓಡುವಾಗ ಅದು ಅಷ್ಟಾಗಿ ತಿಳಿಯದು. ತಣ್ಣನೆಯ ಬೆಳಿಗ್ಗೆ, ಚೋಕ್ ಎಳೆದು ಕಿಕ್ಕರ್ ಹೊಡೆಯುವಾಗ, ಮೊದಲೇ ಕಿರಿದಾದ ಅಂತರ ಇನ್ನೂ ಕಿರಿದಾಗುತ್ತದೆ.

ಪ್ಲಗ್ಗಿನ ವಿಷಯದಲ್ಲಿ ಈ ನಗರಕ್ಕೆ ತನ್ನದೇ ಚರಿತ್ರೆ ಉಂಟು. ಬಾಷ್ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಪ್ಲಗ್ ಮತ್ತು ಡೀಸೆಲ್ ಪಂಪ್‌ಗಳನ್ನು ತಯಾರಿಸಿತು. ಮೈಕೋ ಎಂಬ ಅದರ ಹೆಸರು ಪ್ಲಗ್ಗಿನ ಜೊತೆಗೇ ಮನೆಮಾತಾಯಿತು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆದ ಮೇಲೂ ಹಳೆಯ ಸವಾರರ ಬಾಯಲ್ಲಿ ಮೈಕೋ ಹೋಗಿಲ್ಲ. ಒಳ್ಳೆಯ ಪ್ಲಗ್ಗಿನ ತುದಿ ಓಡುವಾಗ ಸುಮಾರು 500 ಡಿಗ್ರಿ ದಾಟಬೇಕು. ಆಗ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಮನೆಯಿಂದ ಹಾಲಿನ ಅಂಗಡಿಗೆ, ಅಲ್ಲಿಂದ ಮನೆಗೆ ಎಂದು ಅರ್ಧ ಕಿಲೋಮೀಟರ್ ಓಡುವ ಗಾಡಿಯ ಪ್ಲಗ್ ಆ ತಾಪವನ್ನು ಕಾಣುವುದೇ ಇಲ್ಲ. ಮಸಿ ಉಳಿಯುತ್ತದೆ, ಮರುದಿನ ಪೆಟ್ರೋಲ್ ಅದರ ಮೇಲೆ ಬೀಳುತ್ತದೆ.

1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಹಾಗೆಯೇ ಹಳೆಯ ಯೆಜ್ಡಿ, ಲೂನಾ, ಬಜಾಜ್ ಸ್ಕೂಟರ್ ಎಲ್ಲವೂ ಟೂ ಸ್ಟ್ರೋಕ್. ಈ ಎಂಜಿನ್ನುಗಳು ನೆನೆಯುವ ರೀತಿಯೇ ವಿಶೇಷ. ಫೋರ್ ಸ್ಟ್ರೋಕ್‌ನಲ್ಲಿ ಪೆಟ್ರೋಲ್–ಗಾಳಿ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಅದು ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಪೋರ್ಟ್ ಮೂಲಕ ಮೇಲೇರುತ್ತದೆ. ಆವಿಯಾಗದ ಪೆಟ್ರೋಲ್ ಕ್ರ್ಯಾಂಕ್‌ಕೇಸಿನ ತಳದಲ್ಲಿ ನಿಂತುಬಿಡುತ್ತದೆ. ಪ್ಲಗ್ ಬಿಚ್ಚಿ ಒರೆಸಿ ಹಾಕಿದರೆ ಎರಡು ಕಿಕ್ಕಿಗೆ ಮತ್ತೆ ಒದ್ದೆ. ಕೆಳಗಿನ ಕೊಳದಿಂದ ಪೆಟ್ರೋಲ್ ಮತ್ತೆ ಮೇಲೆ ಬರುತ್ತಲೇ ಇರುತ್ತದೆ. ಹೊಸ ಪ್ಲಗ್ ಹಾಕಿಯೂ ಸ್ಟಾರ್ಟ್ ಆಗಲಿಲ್ಲ ಎಂದು ಕಂಗೆಟ್ಟವರು ಮರೆಯುವುದು ಈ ಕೊಳವನ್ನು.

“ಪೆಟ್ರೋಲ್ ಓವರ್ ಆಗಿದೆ ಸಾರ್. ಚೋಕ್ ಮುಟ್ಟಬೇಡಿ, ಎಕ್ಸಲೇಟರ್ ಫುಲ್ ಕೊಟ್ಟು ಹೊಡೀರಿ.” ಮಾಗಡಿ ರಸ್ತೆಯ ಯಾವ ಗ್ಯಾರೇಜಿನಲ್ಲಾದರೂ ಕೇಳಬಹುದಾದ ಮಾತು ಇದು. ಕೇಳಿದವರಿಗೆ ತಲೆಕೆಳಗಾದ ಸಲಹೆ ಅನ್ನಿಸುತ್ತದೆ. ಹೆಚ್ಚಾಗಿರುವ ಪೆಟ್ರೋಲಿಗೆ ಇನ್ನೂ ಆಕ್ಸಿಲರೇಟರ್ ಕೊಡುವುದೇ? ಆದರೆ ಆಕ್ಸಿಲರೇಟರ್ ತೆರೆಯುವುದು ಗಾಳಿಯ ಬಾಗಿಲನ್ನು. ಬಾಗಿಲು ಪೂರ್ತಿ ತೆರೆದಾಗ ಕಿಕ್ಕಿನ ಕಡಿಮೆ ವೇಗದಲ್ಲಿ ಕಾರ್ಬುರೇಟರಿನೊಳಗಿನ ಸೆಳೆತ ಕುಸಿಯುತ್ತದೆ, ಹೊಸ ಪೆಟ್ರೋಲ್ ಬಹುತೇಕ ಮೇಲೇಳುವುದಿಲ್ಲ. ಒಳಗೆ ಹೋಗುವುದು ಬರೀ ಗಾಳಿ. ಅದು ನಿಂತ ಪೆಟ್ರೋಲನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೊತ್ತೊಯ್ಯುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ ಹತ್ತಾರು ಕಿಕ್ ಹೊಡೆಯುವುದು, ಪ್ಲಗ್ಗಿಗೆ ಉಪ್ಪು ಕಾಗದ ಉಜ್ಜುವುದು, ಸೈಲೆನ್ಸರ್ ಬಿಸಿಯಾಗುವ ತನಕ ಚೋಕ್ ಹತ್ತಿರ ಕೈ ಒಯ್ಯದಿರುವುದು, ಇವೆಲ್ಲ ಭೌತವಿಜ್ಞಾನಕ್ಕೆ ಸರಿಯಾಗಿ ಒಪ್ಪುವ ಕ್ರಮಗಳು. ಈ ಮೆಕ್ಯಾನಿಕ್‌ಗಳು ಪುಸ್ತಕ ನೋಡದೆ ಕಂಡುಕೊಂಡ ದಾರಿಯನ್ನೇ ಮಾಜ್ದಾ ತನ್ನ ಕಾರಿನ ಕಂಪ್ಯೂಟರಿನೊಳಗೆ ಬರೆದಿಟ್ಟಿತು.

ಮಾಜ್ದಾ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಸ್ವರಾಜ್ ಮಾಜ್ದಾ ಮಿನಿ ಬಸ್ಸುಗಳು. ಹಿರೋಷಿಮಾದ ಆ ಕಂಪನಿಗೆ ಜಗತ್ತಿನಲ್ಲಿ ಬೇರೆಯೇ ಹೆಸರಿದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ, 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಬಾರಿ ಓಡಿದ ರೋಟರಿ ಎಂಜಿನ್ನನ್ನು ಬಿಡದೆ ಹಿಡಿದು ಬೆಳೆಸಿದ ಕಂಪನಿ ಅದು. 1967ರ ಕಾಸ್ಮೊ ಸ್ಪೋರ್ಟ್, 1978ರಿಂದ ಆರ್‌ಎಕ್ಸ್-7, 2003ರಿಂದ 2012ರವರೆಗೆ ಆರ್‌ಎಕ್ಸ್-8 ಇವೆಲ್ಲ ಅದರದ್ದೇ. 1991ರಲ್ಲಿ ಮಾಜ್ದಾ 787ಬಿ ಎಂಬ ರೋಟರಿ ಕಾರು ಫ್ರಾನ್ಸಿನ ಲಿ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದಿತು. ಜಪಾನಿ ಕಂಪನಿಯೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಇಡೀ ದಿನ ಪೂರ್ತಿ ವೇಗದಲ್ಲಿ ಓಡಿ ಗೆಲ್ಲಬಲ್ಲ ಈ ಎಂಜಿನ್, ಒಂದು ನಿಮಿಷ ಓಡಿಸಿ ಆರಿಸಿದರೆ ಮರುದಿನ ಏಳದೆ ಮಲಗಿಬಿಡುತ್ತಿತ್ತು.

ರೋಟರಿಯಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ ಇಲ್ಲ. ಎರಡು ಬೀಜದ ಕಡಲೆಕಾಯಿಯ ಹಾಗೆ ನಡುವಲ್ಲಿ ತುಸು ಸೊರಗಿದ ಲೋಹದ ಗೂಡು. ಅದರೊಳಗೆ ಬದಿಗಳು ಉಬ್ಬಿದ ಮೂರು ಮೂಲೆಯ ರೋಟರ್ ಸುತ್ತುತ್ತದೆ. ಮೂರು ಮೂಲೆಗಳೂ ಸದಾ ಗೋಡೆಗೆ ತಾಗಿರುತ್ತವೆ. ರೋಟರಿನ ಮೂರು ಬದಿಗೂ ಗೋಡೆಗೂ ನಡುವೆ ಮೂರು ಕೋಣೆ. ಸುತ್ತಿದಂತೆ ಪ್ರತಿ ಕೋಣೆಯೂ ಹಿಗ್ಗಿ ಗಾಳಿ ಎಳೆದು, ಕುಗ್ಗಿ ಒತ್ತಿ, ಉರಿದು, ಹೊಗೆ ಬಿಡುತ್ತದೆ. ವಾಲ್ವ್ ಇಲ್ಲ, ಟೂ ಸ್ಟ್ರೋಕ್‌ನಂತೆಯೇ ಗೋಡೆಯ ಪೋರ್ಟ್‌ಗಳನ್ನು ರೋಟರೇ ಮುಚ್ಚಿ ತೆರೆಯುತ್ತದೆ. ಟೂ ಸ್ಟ್ರೋಕ್‌ನಂತೆಯೇ ಇದಕ್ಕೂ ಉರಿಯುವ ಕೋಣೆಯೊಳಗೆ ಎಣ್ಣೆ ಬೇಕು. ಪುಟ್ಟ ಪಂಪೊಂದು ಅಳತೆ ಮಾಡಿ ಎಣ್ಣೆಯನ್ನು ಒಳಗೆ ಬಿಡುತ್ತದೆ, ಅದು ಪೆಟ್ರೋಲಿನೊಂದಿಗೆ ಉರಿದುಹೋಗುತ್ತದೆ. ಆರ್‌ಎಕ್ಸ್ 100 ಬಿಚ್ಚಿ ಕಟ್ಟಿದ ಕೈಗಳಿಗೆ ಈ ಎಂಜಿನ್ನಿನ ಸ್ವಭಾವ ಅಪರಿಚಿತವೇನಲ್ಲ.

ಇಲ್ಲಿನ ತೊಂದರೆಯೆಲ್ಲ ಮೂರು ಮೂಲೆಗಳಲ್ಲಿದೆ. ಪ್ರತಿ ಮೂಲೆಯಲ್ಲೂ ಏಪೆಕ್ಸ್ ಸೀಲ್ ಎಂಬ ಕಿರುಪಟ್ಟಿ ಇದೆ. ಕೋಣೆಯಿಂದ ಕೋಣೆಗೆ ಒತ್ತಡ ಸೋರದಂತೆ ತಡೆಯುವುದು ಅದರ ಕೆಲಸ. ಹಿಂದಿನ ಸ್ಪ್ರಿಂಗ್, ಸುತ್ತುವಿಕೆಯಿಂದ ಹುಟ್ಟುವ ಹೊರಸೆಳೆತ, ಅನಿಲದ ಒತ್ತಡ, ಗೋಡೆಯ ಮೇಲಿನ ಎಣ್ಣೆಯ ಪೊರೆ ಇವು ನಾಲ್ಕೂ ಕೂಡಿದಾಗ ಮಾತ್ರ ಅದು ಬಿಗಿಯಾಗಿ ಕೂರುತ್ತದೆ. ಸೆಲ್ಫ್ ಹೊಡೆಯುವಾಗ ಎಂಜಿನ್ನಿನ ಶಾಫ್ಟ್ ನಿಮಿಷಕ್ಕೆ 250 ಸುತ್ತು ಸುತ್ತಿತೆಂದರೆ, ರೋಟರ್ ಅದರ ಮೂರನೇ ಒಂದು ಪಾಲು ವೇಗದಲ್ಲಿ, ಅಂದರೆ ಎಂಬತ್ತು ಚಿಲ್ಲರೆ ಸುತ್ತು ಮಾತ್ರ ಸುತ್ತುತ್ತದೆ. ಹೊರಸೆಳೆತ ಇಲ್ಲದಷ್ಟು ಕಡಿಮೆ. ಆಗ ಸೀಲನ್ನು ಕಾಯುವುದು ಸ್ಪ್ರಿಂಗ್ ಮತ್ತು ಎಣ್ಣೆಯ ಪೊರೆ. ಹೆಚ್ಚಾದ ಪೆಟ್ರೋಲ್ ಮೊದಲು ತೊಳೆದುಹಾಕುವುದು ಆ ಪೊರೆಯನ್ನೇ. ಪೊರೆ ಹೋದರೆ ಒತ್ತಡ ಸೋರುತ್ತದೆ, ಒತ್ತಡವಿಲ್ಲದೆ ಮಿಶ್ರಣ ಬಿಸಿಯಾಗದು, ಬಿಸಿಯಾಗದೆ ಪೆಟ್ರೋಲ್ ಆವಿಯಾಗದು, ಆವಿಯಿಲ್ಲದೆ ಬೆಂಕಿ ಹತ್ತದು. ಅಷ್ಟರಲ್ಲಿ ಇನ್ನಷ್ಟು ಪೆಟ್ರೋಲ್ ಒಳಗೆ ಬಿದ್ದಿರುತ್ತದೆ.

ಅಷ್ಟೇ ಅಲ್ಲ. ಪಿಸ್ಟನ್ ಎಂಜಿನ್ನಿನಲ್ಲಿ ಗಾಳಿ ಎಳೆಯುವುದೂ ಉರಿಯುವುದೂ ಒಂದೇ ಜಾಗದಲ್ಲಿ, ಹಾಗಾಗಿ ಆ ಜಾಗ ಬಿಸಿಯಾಗಿಯೇ ಇರುತ್ತದೆ. ರೋಟರಿಯಲ್ಲಿ ಎಳೆಯುವುದು ಗೂಡಿನ ಒಂದು ಮಗ್ಗುಲಲ್ಲಿ, ಉರಿಯುವುದು ಇನ್ನೊಂದರಲ್ಲಿ. ಎಳೆಯುವ ಮಗ್ಗುಲು ಬೆಂಕಿಯನ್ನೇ ಕಾಣುವುದಿಲ್ಲ. ಎಂಜಿನ್ ಬಿಸಿಯಾದ ಮೇಲೂ ಅದು ತಣ್ಣಗೇ ಉಳಿಯುತ್ತದೆ. ಉರಿಯುವ ಕೋಣೆಯೋ ಉದ್ದ, ತೆಳು, ಬಾಗಿದ್ದು. ಅದರ ಗಾತ್ರಕ್ಕೆ ಹೋಲಿಸಿದರೆ ಗೋಡೆಯ ಹರಹು ಬಹಳ ಹೆಚ್ಚು. ತಣ್ಣನೆಯ ಗೋಡೆ ಹೆಚ್ಚಿದ್ದಷ್ಟೂ ಜ್ವಾಲೆ ಬೇಗ ಆರುತ್ತದೆ. ಒಂದೊಂದು ರೋಟರಿಗೆ ಎರಡೆರಡು ಪ್ಲಗ್ ಇಟ್ಟಿರುವುದು ಇದೇ ಕಾರಣಕ್ಕೆ. ಎರಡು ರೋಟರಿನ ಎಂಜಿನ್ ನೆಂದರೆ ನಾಲ್ಕೂ ಪ್ಲಗ್ ಬಿಚ್ಚಬೇಕು.

ಮಾಜ್ದಾ ರೋಟರಿ ಕಾರುಗಳನ್ನು ಭಾರತದಲ್ಲಿ ಮಾರಲೇ ಇಲ್ಲ. ಆದರೆ ಅವುಗಳನ್ನು ಮುಳುಗಿಸುತ್ತಿದ್ದ ಅಭ್ಯಾಸ ವಿಜಯನಗರದ 30–40 ಸೈಟಿನ ಮನೆಗಳಲ್ಲಿ ದಿನವೂ ನಡೆಯುವಂಥದ್ದೇ. ಹಿಂದಿನ ಕಾರು ಹೊರಗೆ ಹೋಗಬೇಕು. ಅದಕ್ಕಾಗಿ ಮುಂದಿನ ಕಾರನ್ನು ಸ್ಟಾರ್ಟ್ ಮಾಡಿ, ಗೇಟಿನಾಚೆ ಹತ್ತಡಿ ಸರಿಸಿ, ತಕ್ಷಣ ಆರಿಸುವುದು. ತಣ್ಣನೆಯ ಎಂಜಿನ್ನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತಿರುವ ಹೊತ್ತಿನಲ್ಲೇ ಕೀಲಿ ತಿರುಗಿಸಿದರೆ, ಉರಿಯದ ಪೆಟ್ರೋಲ್ ರೋಟರಿನ ಸುತ್ತ ಹಾಗೆಯೇ ನಿಲ್ಲುತ್ತದೆ. ಆರ್‌ಎಕ್ಸ್-8 ಮಾಲೀಕರಿಗೆ ಅದು ಟೋಯಿಂಗ್ ಗಾಡಿ ಕರೆಸುವ ಕೆಲಸವಾಗುತ್ತಿತ್ತು. ಕಂಪನಿ ಕಡೆಗೆ ಹೆಚ್ಚು ವೇಗವಾಗಿ ತಿರುಗಿಸುವ ಸ್ಟಾರ್ಟರ್ ಮೋಟರ್ ಕೊಟ್ಟಿತು, ಕಂಪ್ಯೂಟರಿನ ಲೆಕ್ಕವನ್ನೂ ತಿದ್ದಿತು. ಮುಳುಗಿದ ಎಂಜಿನ್ನಿಗೆ ಹೇಳಿದ ಚಿಕಿತ್ಸೆ: ಆಕ್ಸಿಲರೇಟರನ್ನು ನೆಲಕ್ಕೆ ತಾಗುವ ತನಕ ಒತ್ತಿ ಹಿಡಿದು ಸೆಲ್ಫ್ ಹೊಡೆಯುವುದು. ಹಾಗೆ ಒತ್ತಿದಾಗ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ಬಂದ್ ಮಾಡುತ್ತದೆ, ಒಳಗೆ ಬರೀ ಗಾಳಿ ಹೋಗುತ್ತದೆ. ಮಾಗಡಿ ರಸ್ತೆಯ ಸಲಹೆಯೇ.

ಹಾಗಾದರೆ ಇಂಥ ಎಂಜಿನ್ ಯಾರಿಗೆ ಬೇಕು? ಆ ಪ್ರಶ್ನೆಗೆ ಉತ್ತರ ಇರುವುದು ಬೆಂಗಳೂರಿನಲ್ಲೇ. ಇಲ್ಲಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್, ಅಂದರೆ ಎಡಿಇ, ಸೇನೆಗಾಗಿ ನಿಶಾಂತ್ ಎಂಬ ಚಾಲಕರಹಿತ ವಿಮಾನವನ್ನು ರೂಪಿಸಿತು. ಮೊದಲು ಅದಕ್ಕಿದ್ದದ್ದು ವಿದೇಶದಿಂದ ತಂದ ಎಂಜಿನ್. ಆಮೇಲೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್), ಆಗಿನ ಅಹ್ಮದ್‌ನಗರದ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ಮತ್ತು ಎಡಿಇ ಸೇರಿ ದೇಶದಲ್ಲೇ ವಾಂಕೆಲ್ ಎಂಜಿನ್, ಅಂದರೆ ರೋಟರಿ, ಕಟ್ಟಿದವು. ತೂಕ ಸುಮಾರು 30 ಕಿಲೋ, ಶಕ್ತಿ 55 ಅಶ್ವಶಕ್ತಿ. 2009ರ ಮಾರ್ಚಿನಲ್ಲಿ ಕೋಲಾರದ ಬಳಿ ಆ ಎಂಜಿನ್ ಹೊತ್ತ ನಿಶಾಂತ್ ಹಾರಿತು.

ಆ ಎಂಜಿನ್ನಿನ ಬಗ್ಗೆ ಕನ್ನಡದಲ್ಲಿ ಇನ್ನಷ್ಟು ಬರೆಯಬೇಕು. ಸೀಲ್ ಉಜ್ಜುವ ಗೂಡಿನ ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಬೆರೆತ ಲೇಪವನ್ನು ಹಚ್ಚುವುದು, ಹೆಚ್ಚಿನ ತಾಪ ತಾಳುವ ಅಲ್ಯುಮಿನಿಯಂ ಮಿಶ್ರಲೋಹವನ್ನು ನಿಖರವಾಗಿ ಎರಕ ಹೊಯ್ಯುವುದು ಇವು ಬೇರೆ ದೇಶಗಳು ಸುಲಭವಾಗಿ ಹೇಳಿಕೊಡುವ ವಿದ್ಯೆಗಳಲ್ಲ. ಮಾಜ್ದಾದ ಎಂಜಿನಿಯರುಗಳೂ 1960ರ ದಶಕದಲ್ಲಿ ಸೀಲ್ ಗೀರಿದ ಗೋಡೆಯ ಮುಂದೆಯೇ ವರ್ಷಗಟ್ಟಲೆ ಒದ್ದಾಡಿದ್ದರು.

ವಿಮಾನಕ್ಕೆ ರೋಟರಿ ಒಪ್ಪುವುದು ಅದು ಹಗುರ ಎಂಬುದಕ್ಕಷ್ಟೇ ಅಲ್ಲ. ಅದರ ಕಂಪನ ಕಡಿಮೆ, ಹಾಗಾಗಿ ಕ್ಯಾಮೆರಾ ಅಲುಗುವುದಿಲ್ಲ. ಜೊತೆಗೆ, ವಿಮಾನದ ಎಂಜಿನ್ನನ್ನು ಯಾರೂ ಒಂದು ನಿಮಿಷಕ್ಕೆ ಸ್ಟಾರ್ಟ್ ಮಾಡಿ ಆರಿಸುವುದಿಲ್ಲ. ಹಾರುವ ಮೊದಲು ನೆಲದಲ್ಲಿ ಬಿಸಿ ಮಾಡುತ್ತಾರೆ, ಆಮೇಲೆ ಗಂಟೆಗಟ್ಟಲೆ ಒಂದೇ ಸಮನೆ ಓಡಿಸುತ್ತಾರೆ. ನಗರದ ಓಡಾಟದಲ್ಲಿ ಸೋಲುವ ಎಂಜಿನ್ ಅಲ್ಲಿ ತನ್ನ ಜಾಗ ಕಂಡುಕೊಂಡಿತು. ರೋಟರಿ ಕೆಟ್ಟ ಎಂಜಿನ್ ಅಲ್ಲ. ಗೇಟಿನಿಂದ ಗೇಟಿಗೆ ಓಡುವ ಬದುಕು ಅದಕ್ಕೆ ಹೇಳಿದ್ದಲ್ಲ.

ನೆಲದ ಮೇಲಿನ ಗಾಡಿಗಳ ಮಾತಿಗೆ ಬಂದರೆ, 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾಗಿ ಹೊಸ ಬೈಕು–ಸ್ಕೂಟರ್‌ಗಳಲ್ಲಿ ಕಾರ್ಬುರೇಟರ್ ಬಹುಮಟ್ಟಿಗೆ ಹೋಯಿತು. ಈಗ ತಾಪ ಅಳೆಯುವ ಸೆನ್ಸರ್ ನೋಡಿ ಕಂಪ್ಯೂಟರ್ ಪೆಟ್ರೋಲನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಸಿಂಪಡಿಸುತ್ತದೆ. ಪೆಟ್ರೋಲ್ ಓವರ್ ಆಗುವುದು ಅಪರೂಪ. ಆದರೆ ಯೆಜ್ಡಿ, ಆರ್‌ಎಕ್ಸ್ 100 ಇನ್ನೂ ಬೆಂಗಳೂರಿನ ರಸ್ತೆಗಳಲ್ಲಿ ಓಡುತ್ತಿವೆ, ಪ್ರೀತಿಯಿಂದ ಓಡಿಸುವವರೂ ಇದ್ದಾರೆ. ಅವರ ಮುಂದೆ ಹೊಸ ಪ್ರಶ್ನೆಯೊಂದು ಬಂದು ನಿಂತಿದೆ.

ಅದು ಅಧಿಕೃತವಾಗಿ ಶುರುವಾದದ್ದೂ ಬೆಂಗಳೂರಿನಲ್ಲೇ. 2023ರ ಫೆಬ್ರವರಿ 6ರಂದು ತುಮಕೂರು ರಸ್ತೆಯ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಪ್ರಧಾನಿ ನರೇಂದ್ರ ಮೋದಿ ಶೇ 20 ಎಥನಾಲ್ ಬೆರೆತ ಇ-20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಎಥನಾಲ್ 78 ಡಿಗ್ರಿಯಲ್ಲಿ ಕುದಿಯುವ ಒಂದೇ ವಸ್ತು. ಒಂದು ಕಿಲೋ ಎಥನಾಲ್ ಆವಿಯಾಗಲು ಅಷ್ಟೇ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಆವಿಯಾಗುತ್ತ ಅದು ಸುತ್ತಲಿನ ಗಾಳಿಯನ್ನೂ ಲೋಹವನ್ನೂ ಇನ್ನಷ್ಟು ತಣ್ಣಗಾಗಿಸುತ್ತದೆ. ಇನ್ನೊಂದು ಕಡೆ, ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು. ಶುದ್ಧ ಪೆಟ್ರೋಲಿಗೆ ಹದ ಮಾಡಿದ ಹಳೆಯ ಕಾರ್ಬುರೇಟರಿನಲ್ಲಿ ಇ-20 ಹಾಕಿದರೆ ಮಿಶ್ರಣ ಶೇ 7–8ರಷ್ಟು ತೆಳುವಾಗುತ್ತದೆ. ಕರಾವಳಿಯಲ್ಲಿ ಹದ ಮಾಡಿದ ಗಾಡಿಯಾದರೆ ಬೆಂಗಳೂರಿನ ಎತ್ತರ ಅದರಲ್ಲಿ ಶೇ 4ರಷ್ಟನ್ನು ಸರಿದೂಗಿಸುತ್ತದೆ, ಉಳಿದದ್ದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹಳೆಯ ಟೂ ಸ್ಟ್ರೋಕ್ ಈಗ ಚೋಕ್ ಇಲ್ಲದೆ ಏಳದಿದ್ದರೆ ಅದು ಪ್ಲಗ್ಗಿನ ದೋಷ ಅಲ್ಲದಿರಬಹುದು. ಬಿಸಿಯಾದ ಮೇಲೆ ಎಳೆತ ಕಡಿಮೆ ಎನಿಸಿದರೆ, ಎಂಜಿನ್ ಅತಿಯಾಗಿ ಕಾಯುತ್ತಿದ್ದರೆ, ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ ಬದಲಿಸುವುದು ಸರಿಯಾದ ದಾರಿ. ದಿನವಿಡೀ ಅರ್ಧ ಚೋಕ್ ಎಳೆದು ಓಡಿಸುವುದು ಅದಕ್ಕೆ ಪರಿಹಾರವಲ್ಲ.

ಹಳೆಯ ಗಾಡಿ ಇಟ್ಟುಕೊಂಡವರು ಇನ್ನೊಂದನ್ನು ತಪ್ಪದೆ ನೋಡಬೇಕು. ಎಥನಾಲಿಗಾಗಿ ತಯಾರಾಗದ ಹಳೆಯ ರಬ್ಬರ್ ಅದರಲ್ಲಿ ಉಬ್ಬುತ್ತದೆ, ಬಿರಿಯುತ್ತದೆ. ಕಾರ್ಬುರೇಟರಿನ ಸೂಜಿ ಕವಾಟದ ರಬ್ಬರ್ ತುದಿ ಕೆಟ್ಟರೆ ರಾತ್ರಿಯಿಡೀ ಪೆಟ್ರೋಲ್ ಹನಿಹನಿಯಾಗಿ ಒಳಗೆ ಇಳಿದು ಬೆಳಿಗ್ಗೆಗೆ ಕ್ರ್ಯಾಂಕ್‌ಕೇಸ್ ತುಂಬಿರುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಮುಳುಗಿರುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಕಾರ್ಬುರೇಟರಿಗೆ ಮೊದಲು ಹೋಗುವುದು ಆ ತಳದ ದ್ರವವೇ. ಆದ್ದರಿಂದ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವವರು ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಬಿಡಬೇಡಿ. ಪೈಪು, ಸೂಜಿ, ವಾಷರ್‌ಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ. ರಾತ್ರಿ ಗಾಡಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಎಂಜಿನ್ ಬಿಸಿಯಾಗುವ ತನಕ ಆರಿಸಬೇಡಿ. ಗೇಟಿನ ಮುಂದೆ ಹತ್ತಡಿ ಸರಿಸುವುದಷ್ಟೇ ಇದ್ದರೆ ನ್ಯೂಟ್ರಲ್ ಹಾಕಿ ತಳ್ಳಿ ಸರಿಸಿ.